ಡ್ರಾಯಿಂಗಿನ ಮೇಲಿಟ್ಟ ಸ್ಕೇಲು

ಮಂಜುಳಾ ಅವರ ಕೆಲಸ ಹೋದದ್ದು ನನ್ನಿಂದ. ನಮ್ಮ ವರ್ಕ್‌ಶಾಪಿನಲ್ಲಿ ಇದು ಯಾರಿಗೂ ಗೊತ್ತಿಲ್ಲ — ಗೊತ್ತಿರಲಿಲ್ಲ ಅನ್ನಬೇಕು, ಮೊನ್ನೆಯವರೆಗೆ. ಮೂರು ವರ್ಷ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ತಿರುಗಿದೆ. ಹೊಟ್ಟೆ ಅಂದದ್ದು ಮಾತಿಗಲ್ಲ, ಡಾಕ್ಟರು ಅಸಿಡಿಟಿ ಅಂತ ಮಾತ್ರೆ ಬರೆದುಕೊಟ್ಟಿದ್ದಾರೆ. ಅದಾದರೂ ಯಾವ ಘನಕಾರ್ಯಕ್ಕೆ? ಇನ್ನೂ ಹುಟ್ಟದ ಒಂದು ವಿಡಿಯೋ ಗೇಮ್ ಮೆಷಿನ್ನಿನ ಒಳಗೆ ಏನೇನು ಇರಬಹುದು ಅನ್ನುವ ಹರಟೆಗೆ. ಹೇಳಿಕೊಳ್ಳುವುದಕ್ಕೆ ಒಂದು ಗೌರವಸ್ಥ ಪಾಪವಾದರೂ ನನಗೆ ದಕ್ಕಬಾರದಿತ್ತೇ — ಅದೂ ಇಲ್ಲ.

ನನ್ನ ವಯಸ್ಸು ನಲವತ್ತೆಂಟು. ಮನೆ ಬಸವೇಶ್ವರನಗರದಲ್ಲಿ, ಕೆಲಸ ಕಾಮಾಕ್ಷಿಪಾಳ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ವರ್ಕ್‌ಶಾಪಿನಲ್ಲಿ. ಆಗ ಸೂಪರ್‌ವೈಸರ್, ಈಗ ಮ್ಯಾನೇಜರ್. ಹುಟ್ಟಾ ಚಿಂತೆಯವನು. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿಗೆ ಬಂದಮೇಲೆ ಗ್ಯಾಸ್ ಆಫ್ ಮಾಡಿದ್ದೆನಾ ಅಂತ ವಾಪಸ್ ಓಡುವವನು. ಆಫ್ ಮಾಡಿದ್ದು ಕಣ್ಣಾರೆ ನೋಡಿ, ಮತ್ತೆ ಬಸ್ ಸ್ಟಾಪಿಗೆ ಬಂದು, ಈಗ ಬೀಗ ಸರಿಯಾಗಿ ಬಿದ್ದಿತಾ ಅಂತ ಯೋಚಿಸುವವನು.

ಇಂಥವನು ಗೇಮ್ ಆಡುತ್ತಾನೆ ಅಂದರೆ ನಗಬೇಡಿ. ಮಗಳಿಗೆ ಅಂತ ತಂದ ಮೆಷಿನ್ನು, ಅವಳು ಒಂದು ತಿಂಗಳು ಆಡಿ ಬಿಟ್ಟಳು, ನಾನು ಹಿಡಿದುಕೊಂಡೆ. ಭಾನುವಾರ ಊಟ ಆದಮೇಲೆ ಎರಡು ಗಂಟೆ. ಅದು ಹಳೆಯದಾಯಿತು. ಆಮೇಲೆ ಬಂದದ್ದನ್ನು ಕೊಳ್ಳೋಣ ಅಂದುಕೊಳ್ಳುವಷ್ಟರಲ್ಲಿ ಅದರ ಮುಂದಿನದ್ದು ಬರುತ್ತಂತೆ ಅನ್ನುವ ಸುದ್ದಿ. ಈಗ ಕೊಂಡು, ಆರು ತಿಂಗಳಲ್ಲಿ ಹೊಸದು ಬಂದುಬಿಟ್ಟರೆ? ಕಾದು, ಹೊಸದರಲ್ಲಿ ಹಳೆ ಡಿಸ್ಕ್ ಓಡದೇ ಹೋದರೆ? ನನ್ನಂಥ ಕೊಳ್ಳದವರದ್ದೇ ಫೋನಿನಲ್ಲಿ ಒಂದು ಗುಂಪಿತ್ತು. ಇನ್ನೂರು ಜನ, ಒಬ್ಬನೂ ಏನನ್ನೂ ಕೊಂಡವನಲ್ಲ. ಬೆಳಗಾದರೆ ಮುಂದಿನ ಮೆಷಿನ್ನಿನ ಚಿಪ್ ಎಂಥದ್ದು, ಮೆಮೊರಿ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ ಓಡಿಸುತ್ತೆ, ಫ್ಯಾನ್ ಸದ್ದು ಮಾಡುತ್ತಾ ಇಲ್ಲವಾ — ಇದೇ. ತಯಾರಿಸುವ ಕಂಪನಿಯವರು ತುಟಿ ಬಿಚ್ಚಿರಲಿಲ್ಲ. ಅದರಿಂದ ಯಾರ ಮಾತಿಗೂ ಅಡ್ಡಿಯಾಗಲಿಲ್ಲ. ಮದುವೆಗೆ ಹೆಣ್ಣೇ ಗೊತ್ತಾಗಿಲ್ಲ, ಇವರು ಮಗುವಿನ ಮೂಗು ಯಾರ ಹಾಗಿದೆ ಅಂತ ಜಗಳ ಆಡುತ್ತಿದ್ದರು. ನಾನೂ ಆಡುತ್ತಿದ್ದೆ.

ಅಲ್ಲಿ ನಾನು ನಿಜವಾದ ಹೆಸರು ಕೊಟ್ಟಿರಲಿಲ್ಲ. ಹುಡುಗರು ಅಂಕಲ್ ಅನ್ನುತ್ತಿದ್ದರು. ಫ್ಯಾನಿನ ಬಗ್ಗೆ ಒಂದು ಮಾತು ಬರೆದೆ ಅಂದರೆ, "ಅಂಕಲ್, ನೀವು ಬಿಪಿ ಮಾತ್ರೆ ತಗೊಂಡ್ ಮಲ್ಕೊಳಿ" ಅನ್ನುವರು. ಇನ್ನೊಬ್ಬ, "ಬಿಡು ಮಗಾ, ಅಂಕಲ್ ಟೇಬಲ್ ಫ್ಯಾನ್ ಬಗ್ಗೆ ಹೇಳ್ತಾವ್ರೆ." ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಗಾಳಿ ಹೇಗೆ ಓಡಾಡುತ್ತೆ ಅನ್ನೋದರ ಮೇಲೆ ಇಪ್ಪತ್ತೈದು ವರ್ಷ ಅನ್ನ ತಿಂದವನು ನಾನು. ನನಗೆ ಉರಿಯುತ್ತಿತ್ತು. ಈ ವಯಸ್ಸಿನಲ್ಲಿ, ಮುಖ ನೋಡದ ಹುಡುಗರ ಹತ್ತಿರ ಭೇಷ್ ಅನ್ನಿಸಿಕೊಳ್ಳುವ ಚಪಲ — ಈಗ ಬರೆಯುವಾಗ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬರುತ್ತೆ.

ನಮ್ಮ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರು ನಾವು. ಡ್ರಾಯಿಂಗ್ ಬರುತ್ತೆ, ಅದರ ಮೇಲೆ ಒಂದು ನಂಬರು, ಅಳತೆಗಳು, ಯಾವ ಪ್ಲಾಸ್ಟಿಕ್ ಅನ್ನುವ ಒಂದು ಸಾಲು. ಇದು ಯಾವ ವಸ್ತುವಿನ ಯಾವ ಭಾಗ ಅಂತ ಬರೆದಿರುವುದಿಲ್ಲ. ಕೇಳಲೂಬಾರದು. ಆನೆಯ ಕಿವಿಯನ್ನು ಮಾತ್ರ ಕಳಿಸಿ, ಹೀಗೆ ಐದು ಸಾವಿರ ಮಾಡಿಕೊಡಿ ಅನ್ನುವ ಹಾಗೆ. ಹಾಗಾಗಿ ಹೊಸ ಡ್ರಾಯಿಂಗ್ ಬಂದ ದಿನ ಟೀ ಹೊತ್ತಿನಲ್ಲಿ ಪಂದ್ಯ: ಇದು ಏನು? ಊಹೆ ತಪ್ಪಾದವರು ಸರಿಯಾದವರಿಗೆ ಬೋಂಡಾ ಕೊಡಿಸಬೇಕು. ಸರಿಯುತ್ತರ ಎಷ್ಟೋ ತಿಂಗಳಾದಮೇಲೆ, ಯಾರದೋ ಮನೆಯಲ್ಲೋ ಅಂಗಡಿಯಲ್ಲೋ ನಮ್ಮದೇ ಪ್ಲಾಸ್ಟಿಕ್ಕನ್ನು ಕಂಡಾಗ ಸಿಗುತ್ತಿತ್ತು.

ಈ ಪಂದ್ಯದಲ್ಲಿ ಹೆಚ್ಚು ಬೋಂಡಾ ತಿಂದವರು ಮಂಜುಳಾ. ಲಗ್ಗೆರೆಯವರು, ನಮ್ಮಲ್ಲಿ ಕ್ವಾಲಿಟಿ ನೋಡುತ್ತಿದ್ದರು. ತಯಾರಾದ ಪ್ರತಿ ಭಾಗವನ್ನೂ ಡ್ರಾಯಿಂಗಿನ ಜೊತೆ ಹೋಲಿಸಿ, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಪಕ್ಕಕ್ಕೆ ಎಸೆಯುವ ಕೆಲಸ. ಮೆಷಿನ್ ಓಡಿಸುವ ಮುನಿರಾಜು, "ಮೇಡಂ ಕಣ್ಣಿಗೆ ದೇವರ ಮೂಗೂ ಸೊಟ್ಟಗೇ ಕಾಣ್ಸೋದು" ಅಂತ ರೇಗಿಸುತ್ತಿದ್ದ. "ಸೊಟ್ಟಗಿದ್ರೆ ಸೊಟ್ಟಗಿದೆ ಅಂತೀನಪ್ಪ, ದೇವ್ರಾದ್ರೇನು," ಅನ್ನುತ್ತಿದ್ದರು ಅವರು, ತಲೆ ಎತ್ತದೆ.

ಮೂರು ವರ್ಷದ ಹಿಂದೆ ಹೀಗೇ ಬಂದದ್ದು ಒಂದು ಮುಚ್ಚಳದ ಡ್ರಾಯಿಂಗು. ಸಪೂರ, ಬಾಗಿದ ಮೈ, ಹಿಂಭಾಗದಲ್ಲಿ ಗಾಳಿಗೆ ಸಾಲುಸಾಲು ಸೀಳು. ವಾರಗಟ್ಟಲೆ ಗುಂಪಿನಲ್ಲಿ ಓಡಾಡುತ್ತಿದ್ದ ಕಾಲ್ಪನಿಕ ಚಿತ್ರಗಳಲ್ಲಿ ಹೊಸ ಮೆಷಿನ್ನು ಹೀಗೇ ಇತ್ತು. ಟೀ ಹೊತ್ತಿನಲ್ಲಿ, "ಇದು ಗೇಮ್ ಆಡೋ ಮೆಷಿನ್ದು, ಬರೆದಿಟ್ಕೊಳಿ" ಅಂದೆ.

ಮಂಜುಳಾ ನಕ್ಕರು. "ಅಲ್ಲ ಸಾರ್. ಅಡುಗೆಮನೆ ಸಾಮಾನು. ಮೂಲೆ ನೋಡಿ, ಎಲ್ಲಾ ಗುಂಡಗಿದೆ. ಒದ್ದೆ ಬಟ್ಟೆ ತಗೊಂಡು ಒರೆಸಿದ್ರೆ ಎಲ್ಲೂ ಕೊಳೆ ಕೂರಬಾರದು ಅಂತ. ಗೇಮ್ ಮೆಷಿನ್ ಯಾರ್ ಒರೆಸ್ತಾರೆ?"

"ನಮ್ಮನೇಲಿ ನಾನು ಒರೆಸ್ತೀನಿ."

"ನೀವ್ ಬಿಡಿ ಸಾರ್, ಸ್ವಿಚ್ ಬೋರ್ಡೂ ಒರೆಸ್ತೀರಾ." ಎಲ್ಲರೂ ನಕ್ಕರು. ಆಮೇಲೆ ಅವರು ಬೆರಳಿಟ್ಟು ತೋರಿಸಿದರು — "ಇಲ್ನೋಡಿ, ಪ್ಲಾಸ್ಟಿಕ್ ಫುಡ್ ಗ್ರೇಡ್ ಅಂತ ಬರೆದಿದೆ. ತಿನ್ನೋ ಪದಾರ್ಥ ತಾಗುತ್ತೆ ಇದಕ್ಕೆ."

ಬರೆದಿತ್ತು. ನಾನು ಓದಿದೆ. ಓದಿಯೂ —

ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಅವರ ಟೇಬಲ್ ಹತ್ತಿರ ಹೋದೆ. ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿತ್ತು. ಡ್ರಾಯಿಂಗ್ ಹರಡಿತ್ತು. ಗುಂಪಿಗೆ ಒಂದು ಫೋಟೋ ಹಾಕಿದರೆ ಸಾಕು, ಆ ಹುಡುಗರ ಬಾಯಿ ಮುಚ್ಚುತ್ತೆ. ಆದರೆ ಆ ಫುಡ್ ಗ್ರೇಡ್ ಅನ್ನುವ ಸಾಲು ಸರಿಯಾಗಿ ಚಿತ್ರದ ಕೆಳಗೇ ಇತ್ತು. ಅದು ಕಂಡರೆ ಕಥೆ ಮುಗಿಯಿತು. ಪಕ್ಕದಲ್ಲಿ ಮಂಜುಳಾ ಅವರ ಸ್ಟೀಲ್ ಸ್ಕೇಲ್ ಬಿದ್ದಿತ್ತು. ಎತ್ತಿ ಆ ಸಾಲಿನ ಮೇಲೆ ಇಟ್ಟೆ. ಸಾಲು ಮುಚ್ಚಿತು. ಫೋಟೋ ತೆಗೆದೆ.

ಇದನ್ನು ನಾನು ಮೂರು ವರ್ಷ ನನಗೆ ನಾನೇ ಬೇರೆ ಥರ ಹೇಳಿಕೊಂಡಿದ್ದೆ. ಉತ್ಸಾಹದಲ್ಲಿ ತಪ್ಪು ತಿಳಿದೆ, ನಿಜಕ್ಕೂ ಅದೇ ಮೆಷಿನ್ ಅಂದುಕೊಂಡೆ, ಹೀಗೆ. ಸುಳ್ಳು. ತಪ್ಪು ತಿಳಿದವನು ಸ್ಕೇಲ್ ಇಡುವುದಿಲ್ಲ.

"ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ತಯಾರಾಗ್ತಾ ಇದೆ. ಇದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ" ಅಂತ ಬರೆದು ಕಳಿಸಿದೆ. ಆಹಾ, ಆ ದಿನ! ಅಂಕಲ್ ಹೋಗಿ 'ಗುರುಗಳೇ' ಆದೆ. ಒಬ್ಬ ಸೀಳುಗಳನ್ನು ಎಣಿಸಿದ. ಇಷ್ಟು ಸೀಳಾದರೆ ಇಷ್ಟು ಗಾಳಿ, ಇಷ್ಟು ಗಾಳಿಯಾದರೆ ಇಷ್ಟು ಬಿಸಿ, ಇಷ್ಟು ಬಿಸಿ ಆಗುತ್ತೆ ಅಂದಮೇಲೆ ಚಿಪ್ ಈಗಿನದರ ಎರಡರಷ್ಟು ಬಲವಾಗಿರಲೇಬೇಕು ಅಂತ ಸಿದ್ಧಾಂತ ಮಾಡಿದ. ಇನ್ನೊಬ್ಬ ಮುಚ್ಚಳದ ಎತ್ತರ ನೋಡಿ, ಡಿಸ್ಕ್ ಹಾಕುವ ಜಾಗವೇ ಇಲ್ಲ ಮಚ್ಚಾ ಅಂತ ಅತ್ತ. ಮೂರನೆಯವನು ಆ ಅಳುವಿಗೆ ಸಮಾಧಾನ ಹೇಳಿದ. ನಾನು ಫೋನ್ ಹಿಡಿದುಕೊಂಡು ನಗುತ್ತಾ ಕೂತಿದ್ದೆ, ಮೂರ್ಖ. ಎರಡು ದಿನದಲ್ಲಿ ಯಾರೋ ಅದನ್ನು ಎತ್ತಿಕೊಂಡು ಹೋಗಿ ಇಂಗ್ಲಿಷಿನಲ್ಲಿ ವಿಡಿಯೋ ಮಾಡಿದ. ನಮ್ಮ ಡ್ರಾಯಿಂಗಿನ ಸುತ್ತ ಕೆಂಪು ವೃತ್ತ, ಬಾಣ, ಹಿಂದೆ ಯುದ್ಧದ ಸಂಗೀತ.

ಆ ವೃತ್ತಗಳಲ್ಲಿ ಒಂದರ ಪಕ್ಕದಲ್ಲಿ ಡ್ರಾಯಿಂಗ್ ನಂಬರು ಇತ್ತು. ನಾನು ಅದನ್ನು ಮುಚ್ಚಿರಲಿಲ್ಲ. ಗ್ಯಾಸ್ ಎರಡು ಸಲ ನೋಡುವ ಮನುಷ್ಯ, ಅದನ್ನು ನೋಡಲಿಲ್ಲ.

ಅದು ಏನು ಗೊತ್ತೇ? ಇಡ್ಲಿ ಹಿಟ್ಟು ಹುದುಗಿಸುವ ಪೆಟ್ಟಿಗೆ. ಚಳಿಗಾಲದಲ್ಲಿ ಹಿಟ್ಟು ಉಬ್ಬುವುದಿಲ್ಲವಲ್ಲ, ಅದಕ್ಕೆ ಬೆಚ್ಚನೆ ಗಾಳಿ ಕೊಡುವ ಹೊಸ ಸಾಧನ. ಮಾರುಕಟ್ಟೆಗೆ ಬರುವ ಮುಂಚೆ ಯಾರಿಗೂ ಗೊತ್ತಾಗಬಾರದು ಅಂತ ಗುಟ್ಟಾಗಿ ಮಾಡಿಸುತ್ತಿದ್ದರು. ಜಗತ್ತಿನ ಪಡ್ಡೆ ಹುಡುಗರೆಲ್ಲ ಸೇರಿ ಇಡ್ಲಿ ಹಿಟ್ಟಿನ ಡಬ್ಬಿ ಸೆಕೆಂಡಿಗೆ ಎಷ್ಟು ಫ್ರೇಮ್ ಓಡಿಸುತ್ತೆ ಅಂತ ಲೆಕ್ಕ ಹಾಕಿದ್ದರು. ಬೇರೆ ಯಾರದೋ ಬದುಕಿನಲ್ಲಿ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಆ ನಂಬರಿನಿಂದ ಗುರುತು ಹಿಡಿದು ಡಬ್ಬಿ ಕಂಪನಿಯವರು ಬಂದು ಕೆಲಸ ವಾಪಸ್ ತೆಗೆದುಕೊಂಡರು. ಅರ್ಧ ತಯಾರಾದ ಅಚ್ಚನ್ನೂ ಲಾರಿಗೆ ಹಾಕಿಸಿಕೊಂಡು ಹೋದರು. ನಮ್ಮ ಮಾಲೀಕರು ಶಾಂತರಾಜ್ — ಬಟ್ಟೆ ವ್ಯಾಪಾರದಿಂದ ಈ ಕಡೆ ಬಂದವರು, ಒಳ್ಳೆಯವರೇ, ಆದರೆ ಅಚ್ಚು, ಅಳತೆಯ ವಿಷಯ ಬಂದರೆ ನನ್ನ ಮುಖ ನೋಡುವವರು — ಅವತ್ತು ಎಲ್ಲರನ್ನೂ ಪ್ಯಾಕಿಂಗ್ ಹಾಲಿಗೆ ಕರೆದರು. ಫೋನಿನಲ್ಲಿ ಆ ಫೋಟೋ ದೊಡ್ಡದು ಮಾಡಿ ತೋರಿಸಿದರು. ನಮ್ಮಲ್ಲಿ ಉಪಕರಣ ಕಳೆದುಹೋಗುತ್ತೆ ಅಂತ ಪ್ರತಿಯೊಬ್ಬರೂ ತಮ್ಮದರ ಮೇಲೆ ಹೆಸರಿನ ಮೊದಲಕ್ಷರ ಕೊರೆದಿರುತ್ತಾರೆ. ಸ್ಕೇಲಿನ ತುದಿಯಲ್ಲಿ, ಸ್ಪಷ್ಟವಾಗಿ, 'ಮಂ'.

"ಇದು ಯಾರ್ದು?" ಅಂತ ನನ್ನನ್ನು ಕೇಳಿದರು.

"ಮಂಜುಳಾದು ಸಾರ್," ಅಂದೆ.

ಎರಡೇ ಶಬ್ದ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಸ್ಕೇಲ್ ಅವರದ್ದೇ. ಇಡೀ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ನಿಜವನ್ನು ನಾನು ಇನ್ನೊಂದು ಸಲ ಹೇಳಿಲ್ಲ.

ಮಂಜುಳಾ ಅವರ ಮುಖ ಕೆಂಪಾಯಿತು. ಅವರು ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಕೇಳಿದರು: "ಸಾರ್, ನಾನು ಡ್ರಾಯಿಂಗ್ ಮೇಲೆ ಸ್ಕೇಲ್ ಇಡ್ತೀನಾ?"

ಈ ಮಾತಿನ ತೂಕ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಡ್ರಾಯಿಂಗಿನ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು — ನಮ್ಮ ಕೆಲಸದ ಮೊದಲ ಪಾಠ ಅದು. ಕಾಗದ ಹಿಗ್ಗುತ್ತೆ, ಕುಗ್ಗುತ್ತೆ, ನಕಲು ತೆಗೆದಾಗ ಚಿತ್ರ ಚಿಕ್ಕದಾಗುತ್ತೆ. ಬರೆದಿರುವ ಅಂಕಿಯನ್ನು ಓದಬೇಕೇ ಹೊರತು ಗೆರೆಯನ್ನು ಅಳೆಯಬಾರದು. ಅಪ್ರೆಂಟಿಸ್ ಹುಡುಗರು ಇಟ್ಟರೆ ಮಂಜುಳಾ ಅವರು ಕೈ ಮೇಲೆ ಹೊಡೆಯುತ್ತಿದ್ದರು. ಅವರು ಡ್ರಾಯಿಂಗಿನ ಮೇಲೆ ಸ್ಕೇಲ್ ಇಡುವುದು ಅಂದರೆ, ಅರ್ಚಕರು ಚಪ್ಪಲಿ ಹಾಕಿಕೊಂಡು ಗರ್ಭಗುಡಿಗೆ ಹೋದ ಹಾಗೆ. ಅವರು ತಪ್ಪು ಮಾಡಿಲ್ಲ ಅನ್ನುವುದಕ್ಕೆ ಆ ಫೋಟೋನೇ ಸಾಕ್ಷಿ.

ಶಾಂತರಾಜ್ ಅವರಿಗೆ ಅದು ತಿಳಿಯಲಿಲ್ಲ. ತಿಳಿಯದಾಗ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು — ನನ್ನ ಮುಖ ನೋಡಿದರು. ಹೌದಾ, ಹಾಗುಂಟಾ ಅನ್ನುವ ಹಾಗೆ. ನಾನು ತಲೆಯಾಡಿಸಿದ್ದರೆ ಸಾಕಿತ್ತು. ಹೌದು ಸಾರ್, ಇವರು ಇಡೋವರಲ್ಲ, ಬೇರೆ ಯಾರೋ ಇಟ್ಟಿದ್ದಾರೆ ಅಂದಿದ್ದರೆ... ನನ್ನ ಹೆಸರು ಕೂಡ ಹೇಳಬೇಕಾಗಿರಲಿಲ್ಲ. ನಾನು ನೆಲ ನೋಡಿದೆ. ಸಿಮೆಂಟಿನ ಮೇಲೆ ಒಂದು ಟೇಪಿನ ತುಂಡು ಅಂಟಿಕೊಂಡಿತ್ತು. ಅದನ್ನು ಬೂಟಿನ ತುದಿಯಿಂದ ಕೆರೆಯುತ್ತಾ ನಿಂತೆ.

"ನಾಳೆಯಿಂದ ಬರಬೇಡಿ" ಅಂದರು ಶಾಂತರಾಜ್.

ಹನ್ನೊಂದು ವರ್ಷ ಕೆಲಸ ಮಾಡಿದವರು ಊಟದ ಡಬ್ಬಿ, ಸ್ವೆಟರು, ಆ ಸ್ಕೇಲು ತೆಗೆದುಕೊಂಡು ಗೇಟಿನಾಚೆ ಹೋದರು. ಹೋಗುವಾಗ ನನ್ನತ್ತ ಒಂದು ಸಲ ನೋಡಿದರು. ಗೊತ್ತಾಯಿತಾ, ಇಲ್ಲವಾ — ಇದೇ ನನ್ನ ಚಿಂತೆಯಾಯಿತು ನೋಡಿ. ಅವರು ಏನು ಮಾಡುತ್ತಾರೆ, ಮನೆ ಹೇಗೆ ನಡೆಯುತ್ತೆ ಅಂತ ಅಲ್ಲ. ಅವರಿಗೆ ಗೊತ್ತಾಯಿತಾ ಅಂತ. ಚಿಂತೆಯ ಮನುಷ್ಯ ಬೇರೆಯವರ ಬಗ್ಗೆ ಚಿಂತೆ ಮಾಡುತ್ತಾನೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ನಾಯಂಡಹಳ್ಳಿಯ ಒಂದು ಸಣ್ಣ ಶೆಡ್ಡಿನಲ್ಲಿ ಬಾಟಲಿ ಮುಚ್ಚಳ ಎಣಿಸಿ ತುಂಬುವ ಕೆಲಸಕ್ಕೆ ಸೇರಿದರು ಅಂತ ಮುನಿರಾಜು ಒಂದು ದಿನ ಹೇಳಿದ. ಕ್ವಾಲಿಟಿ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಈ ಕಸುಬು ಸಣ್ಣದು. ಡ್ರಾಯಿಂಗ್ ಹೊರಗೆ ಕೊಟ್ಟ ಹೆಂಗಸು ಅನ್ನುವ ಮಾತು ಅವರಿಗಿಂತ ಮುಂಚೆ ಗೇಟು ದಾಟುತ್ತಿತ್ತು.

ಕಳೆದ ವಾರ, ಸೋಮವಾರ, ನನಗೆ ಒಂದು ಫೋನು ಬಂತು. ಕೆಂಗೇರಿಯಾಚೆಯ ಒಂದು ದೊಡ್ಡ ಕಂಪನಿ. ಮಂಜುಳಾ ಅನ್ನುವವರು ಕ್ವಾಲಿಟಿ ಹುದ್ದೆಗೆ ಅರ್ಜಿ ಹಾಕಿದ್ದಾರೆ, ಪರೀಕ್ಷೆಯಲ್ಲಿ ಮೊದಲು ಬಂದಿದ್ದಾರೆ, ಹಳೆ ಕೆಲಸದ ಕಡೆ ಒಂದು ಮಾತು ವಿಚಾರಿಸಬೇಕಿತ್ತು. "ಏನೋ ಡ್ರಾಯಿಂಗ್ ವಿಷಯ ಇತ್ತಂತಲ್ಲ ಸಾರ್, ಹೌದಾ?" ಅಂತ ಒಬ್ಬ ಹುಡುಗಿ ಮೆತ್ತಗೆ ಕೇಳಿದಳು.

ಮೂರು ವರ್ಷದಿಂದ ಇಂಥದ್ದೊಂದು ಫೋನ್ ಬರಲಿ ಅಂತ ಕಾಯುತ್ತಿದ್ದವನಂತೆ ನಾನು ಉತ್ತರ ಕೊಡಬೇಕಿತ್ತು. "ಅದರ ಬಗ್ಗೆ ನಾನೇನೂ ಹೇಳೋ ಹಾಗಿಲ್ಲ ಮೇಡಂ" ಅಂದೆ.

"ಅರ್ಥ ಆಯ್ತು ಸಾರ್, ಥ್ಯಾಂಕ್ಸ್" ಅಂದು ಇಟ್ಟಳು.

ಏನು ಅರ್ಥವಾಯಿತು ಅಂತ ನನಗೂ ಅರ್ಥವಾಯಿತು. ಎರಡನೆಯ ಸಲ, ಮತ್ತೆ ಒಂದೂ ಸುಳ್ಳು ಹೇಳದೆ, ಅವರನ್ನೇ ಗೇಟಿನಾಚೆ ಕಳಿಸಿದ್ದೆ.

ಬುಧವಾರ ಮೆಟ್ರೋ ಹತ್ತಿ ನಾಯಂಡಹಳ್ಳಿಗೆ ಹೋದೆ. ಗೋಡೌನುಗಳ ಸಂದಿಯಲ್ಲಿ ವಿಚಾರಿಸಿಕೊಂಡು ಶೆಡ್ಡು ಹುಡುಕಿದೆ. ಟೀ ಹೊತ್ತು. ಮಂಜುಳಾ ಬಾಗಿಲ ಹತ್ತಿರ ಒಂದು ಖಾಲಿ ಕ್ರೇಟಿನ ಮೇಲೆ ಕೂತಿದ್ದರು. "ಏನ್ ಸಾರ್, ಇಷ್ಟು ದೂರ? ಆರೋಗ್ಯನಾ?" ಅಂದರು. ಹೇಳಿದೆ. ಗುಂಪು, ಫೋಟೋ, ಸ್ಕೇಲನ್ನು ಯಾಕೆ ಅಲ್ಲೇ ಇಟ್ಟೆ ಅನ್ನುವುದು, ಎಲ್ಲ. ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಗಮನಿಸಲಿ ಅಂತ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ.

ಅವರು ಟೀ ಮುಗಿಸಿದರು. ಲೋಟ ಕೆಳಗಿಟ್ಟರು.

"ನನಗ್ಯಾಕೆ ಸಾರ್ ಹೇಳ್ತೀರಾ? ನಾನು ಮಾಡಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ನೀವೇ ಅಂತಾನೂ ಗೊತ್ತಿತ್ತು. ಅವತ್ತು ನೆಲ ನೋಡ್ತಾ ನಿಂತಿದ್ರಲ್ಲ, ಆಗಲೇ."

ನಾನು ಕ್ಷಮಿಸಿ ಅನ್ನುವ ಮಾತು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

"ಅದೆಲ್ಲಾ ಬೇಡ. ಗೊತ್ತಿಲ್ಲದವರಿಗೆ ಹೇಳಿ. ಬಾಯಲ್ಲಿ ಬೇಡ, ಬರೆದು. ಹೆಸರು ಹಾಕಿ." ಎದ್ದು ಒಳಗೆ ಹೋದರು. ಮುಚ್ಚಳಗಳು ಕ್ರೇಟಿಗೆ ಸುರಿಯುವ ಸದ್ದು ಮತ್ತೆ ಶುರುವಾಯಿತು.

ಗುರುವಾರ ಶಾಂತರಾಜ್ ಅವರಿಗೆ ಬರೆದುಕೊಟ್ಟೆ. ಓದಿದರು, ಕನ್ನಡಕ ತೆಗೆದರು, "ಇಡ್ಲಿ ಡಬ್ಬಿಗೋಸ್ಕರವೇನ್ರೀ ಇದೆಲ್ಲಾ?" ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಕೆಲಸದ ವಿಷಯ ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ. ಹೋದರೆ ಹೋಗಲಿ ಅಂತ ಧೀರನ ಹಾಗೆ ಬರೆಯೋಣ ಅಂದುಕೊಂಡೆ, ಬರೆಯಲಾಗಲಿಲ್ಲ. ಹೋಗಬಾರದು ಅಂತಲೇ ಇದೆ ನನಗೆ. ಅವರ ಅಪ್ಪಣೆ ಪಡೆದು ಪ್ಯಾಕಿಂಗ್ ಹಾಲಿನಲ್ಲಿ ಎಲ್ಲರೆದುರು ಓದಿದೆ. ಮುನಿರಾಜು, ಯಾವುದಕ್ಕೂ ಒಂದು ಜೋಕು ಇಟ್ಟುಕೊಂಡಿರುವವನು, ಕಾಗದದ ಲೋಟ ಹಿಸುಕಿ ಬುಟ್ಟಿಗೆ ಎಸೆದು ಮೆಷಿನ್ ಹತ್ತಿರ ಹೋದ. ಇವತ್ತಿಗೂ ನನ್ನ ಜೊತೆ ಮಾತಿಲ್ಲ.

ಗುಂಪಿಗೂ ಹಾಕಿದೆ, ನಿಜವಾದ ಹೆಸರಿನಲ್ಲೇ. ಆ ಮೆಷಿನ್ನು ಇನ್ನೂ ಬಂದಿಲ್ಲ, ಅವರು ಇನ್ನೂ ಅಲ್ಲೇ ಇದ್ದಾರೆ. ಮೊದಲು ಬಂದ ಉತ್ತರ: "ಅದು ಓಕೆ ಅಂಕಲ್, ಹಾಗಾದ್ರೆ ಹೊಸದ್ರಲ್ಲಿ ಡಿಸ್ಕ್ ಹಾಕೋ ಜಾಗ ಇರಬಹುದು ಅಂತಾಯ್ತಲ್ವಾ?" ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆಲ್ಲಿದೆ.

ಕೆಂಗೇರಿಯಾಚೆಯ ಕಂಪನಿಗೆ ಮೊದಲು ನಾಲ್ಕು ಪುಟ ಬರೆದೆ. ಅದರಲ್ಲಿ ನನ್ನ ಸ್ವಭಾವ, ನನ್ನ ಪಶ್ಚಾತ್ತಾಪ, ನನ್ನ ನಿದ್ದೆಗೆಟ್ಟ ಕಥೆ. ಓದಿ ನೋಡಿದರೆ ಅರ್ಜಿ ಹಾಕಿದವನು ನಾನೇ ಅನ್ನುವ ಹಾಗಿತ್ತು. ನನ್ನ ಬಗ್ಗೆ ಇದ್ದದ್ದನ್ನೆಲ್ಲ ಹೊಡೆದುಹಾಕಿದೆ. ಮೂರು ಸಾಲು ಉಳಿಯಿತು. ಸಹಿ ಹಾಕಿ ಕಳಿಸಿದೆ.

ಶನಿವಾರ ಅದೇ ಹುಡುಗಿ ಫೋನ್ ಮಾಡಿದಳು. ಪತ್ರ ಸಿಕ್ಕಿದೆ ಸಾರ್, ಮಂಜುಳಾ ಅವರ ಫೈಲಿಗೆ ಸೇರಿಸಿದ್ದೇವೆ, ಮುಂದೆ ಯಾವಾಗಲಾದರೂ ಜಾಗ ಖಾಲಿಯಾದರೆ ನೋಡುತ್ತೇವೆ ಅಂದಳು. ಈ ಹುದ್ದೆಗೆ ಮಂಗಳವಾರವೇ ಬೇರೆಯವರನ್ನು ತೆಗೆದುಕೊಂಡಾಯಿತಂತೆ. "ಸೋಮವಾರ ನೀವು ಇದನ್ನೇ ಹೇಳಿಬಿಟ್ಟಿದ್ರೆ..." ಅಂದು ನಿಲ್ಲಿಸಿದಳು. ಒಳ್ಳೆಯ ಹುಡುಗಿ.

ಮಂಜುಳಾ ಅವರಿಗೆ ಆ ಫೋನಿನ ವಿಷಯ ನಾನು ಹೇಳಿರಲಿಲ್ಲ. ಮೂರು ವರ್ಷದ ಹಿಂದಿನದನ್ನೆಲ್ಲ ಹೇಳಿ, ಎರಡು ದಿನದ ಹಿಂದಿನದನ್ನು ಬಾಯಲ್ಲೇ ಇಟ್ಟುಕೊಂಡು ವಾಪಸ್ ಬಂದಿದ್ದೆ. ಪರೀಕ್ಷೆಯಲ್ಲಿ ಮೊದಲು ಬಂದವರು, ಯಾಕೆ ಕರೆಯಲಿಲ್ಲ ಅಂತ ಕ್ರೇಟಿನ ಮೇಲೆ ಕೂತು ಯೋಚಿಸುತ್ತಿರಬಹುದು. ಹಳೆಯದು ಅವರಿಗೆ ಗೊತ್ತಿತ್ತು. ಇದು ಗೊತ್ತಿಲ್ಲ.

ನಾಳೆ ಟೀ ಹೊತ್ತಿಗೆ ನಾಯಂಡಹಳ್ಳಿಗೆ ಹೋಗಿ ಹೇಳಬೇಕು. ಬರೆದುಕೊಂಡಿದ್ದೇನೆ.